ಗೆರೆಯ ಈಚೆ ಮಾಗಳ, ಆಚೆ ತೆಲಿಗಿ

ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲೆ ಉತ್ತರ ಪತ್ರಿಕೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಬ್ಬಣದಿಂದ ಹೊಲಿದು, ಹೊಲಿಗೆಯ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುವ ಕೆಲಸವೊಂದಿದೆ. ಹಗರಿಬೊಮ್ಮನಹಳ್ಳಿಯ ನಮ್ಮ ಪರೀಕ್ಷಾ ಕೇಂದ್ರದಲ್ಲಿ ಅದಕ್ಕೆ ಯಾರೂ ಮುಂದೆ ಬರುವುದಿಲ್ಲ. ಅರಗು ಕೈಗೆ ಬಿದ್ದರೆ ಸುಡುತ್ತದೆ, ಸೀರೆಗೆ ಬಿದ್ದರೆ ಜನ್ಮಕ್ಕೆ ಹೋಗುವುದಿಲ್ಲ. ನಾನು ಮಾತ್ರ ಪ್ರತಿ ವರ್ಷ ಕೇಳಿ ಪಡೆಯುತ್ತೇನೆ. ಸಹೋದ್ಯೋಗಿಗಳು ಇದನ್ನು ನನ್ನ ಕರ್ತವ್ಯನಿಷ್ಠೆ ಅಂದುಕೊಂಡಿದ್ದಾರೆ, ನಾನೂ ಅವರ ತಪ್ಪನ್ನು ತಿದ್ದಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿರುವುದು ಆ ವಾಸನೆ. ಮೇಣದಬತ್ತಿಗೆ ಹಿಡಿದ ಅರಗಿನ ಕಡ್ಡಿ ಮೊದಲು ಬೆವರುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ. ಆಗ ಏಳುವ ಸುಟ್ಟ ವಾಸನೆಗೆ ನಾನು ಹದಿಮೂರು ವರ್ಷದವಳಾಗಿ ತೆಲಿಗಿಯಲ್ಲಿ ನಮ್ಮ ಚಿಗಪ್ಪನ ಪಡಸಾಲೆಯಲ್ಲಿ ಕೂತುಬಿಡುತ್ತೇನೆ.

ನಮ್ಮ ಚಿಗಪ್ಪ ಮೈಲಪ್ಪ ತೆಲಿಗಿಯಲ್ಲಿ ಅಂಚೆ ನೋಡಿಕೊಳ್ಳುತ್ತಿದ್ದ. ಅಂಚೆ ಕಚೇರಿ ಅಂತ ಬೇರೆ ಕಟ್ಟಡ ಇರಲಿಲ್ಲ, ಅವನ ಮನೆಯ ಪಡಸಾಲೆಯೇ ಕಚೇರಿ. ಗೋಡೆಗೆ ಕೆಂಪು ಡಬ್ಬಿ, ಒಳಗೆ ಒಂದು ಕುಂಟು ಮೇಜು, ತಾರೀಖಿನ ಮುದ್ರೆ, ಅರಗಿನ ಕಡ್ಡಿ, ಚೀಲ. ಬೆಳಿಗ್ಗೆ ಹರಪನಹಳ್ಳಿ ಬಸ್ಸಿಗೆ ಚೀಲ ಬರುತ್ತಿತ್ತು, ಸಂಜೆ ಅರಗು ಹಾಕಿದ ಚೀಲ ಹೋಗುತ್ತಿತ್ತು. ನಡುವಿನ ಹೊತ್ತಿನಲ್ಲಿ ಚಿಗಪ್ಪ ಊರಿನ ಮೂರ್ನಾಲ್ಕು ಜನ ಚಂದಾದಾರರ ಪತ್ರಿಕೆಗಳನ್ನು ಸುತ್ತಿದ ಕಾಗದ ಹರಿಯದಂತೆ ಜಾರಿಸಿ ತೆಗೆದು, ಪೂರ್ತಿ ಓದಿ, ಹಾಗೇ ಜಾರಿಸಿ ಒಳಗಿಟ್ಟು, ಮರುದಿನ ಬಟವಾಡೆ ಮಾಡುತ್ತಿದ್ದ. ಚಂದಾದಾರರಿಗೂ ಇದು ಗೊತ್ತಿತ್ತು. ಪತ್ರಿಕೆ ಕೊಡುವಾಗ, 'ಈ ಸಲ ಹದಿನಾಲ್ಕನೇ ಪುಟ ಚಲೋ ಐತಿ ನೋಡ್ರಿ' ಅಂತ ಅವನೇ ಹೇಳುತ್ತಿದ್ದನಲ್ಲ.

ನಾನು ಹುಟ್ಟಿದ್ದು ಹಡಗಲಿ ತಾಲ್ಲೂಕಿನ ಮಾಗಳದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ. ನಮ್ಮ ಅವ್ವ ಮತ್ತು ಚಿಗಪ್ಪನ ಹೆಂಡತಿ ಗಾಳೆವ್ವ ಚಿಗವ್ವ ಸ್ವಂತ ಅಕ್ಕತಂಗಿಯರು. ತವರು ಹರಪನಹಳ್ಳಿ ಕಡೆಯ ಒಂದು ಹಳ್ಳಿ. ಅಜ್ಜ ದೊಡ್ಡವಳನ್ನು ಮಾಗಳಕ್ಕೆ ಕೊಟ್ಟ, ಸಣ್ಣವಳನ್ನು ತೆಲಿಗಿಗೆ ಕೊಟ್ಟ. ಆಗ ಎರಡೂ ಬಳ್ಳಾರಿ ಜಿಲ್ಲೆಯ ಊರುಗಳು. ಗಂಡಿನ ಮನೆಯಲ್ಲಿ ಕುರಿ ಎಷ್ಟಿವೆ, ಬಾವಿಯಲ್ಲಿ ನೀರು ಎಷ್ಟು ಆಳಕ್ಕಿದೆ, ಮನೆದೇವರು ಯಾರು ಎಂದೆಲ್ಲ ಕೇಳಿ ತಿಳಿದುಕೊಂಡ ಅಜ್ಜ, ಮುಂದೆ ಜಿಲ್ಲೆಯ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಮಾತ್ರ ಕೇಳಲಿಲ್ಲ. ನಾನೂ ಚಿಗವ್ವನ ಮಗಳು, ನನ್ನ ವಾರಿಗೆಯ ಹುಲಿಗಿಯೂ ಎರಡನೇ ತರಗತಿಯಲ್ಲೋ ಮೂರನೇ ತರಗತಿಯಲ್ಲೋ ಇದ್ದಾಗ ಹರಪನಹಳ್ಳಿ ತಾಲ್ಲೂಕನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಅಕ್ಕ ಬಳ್ಳಾರಿಯಲ್ಲಿ ಉಳಿದಳು, ತಂಗಿ ದಾವಣಗೆರೆಯವಳಾದಳು.

'ಮದಿವಿ ಆಗಿ ಬಂದಾಗಿಂದ ಇದ ಮನಿ, ಇದ ಒಲಿ, ಇದ ಗಂಡ' ಎಂದು ಚಿಗವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. 'ಬದಲಿ ಮಾಡೂದು ಮಾಡಿದ್ರು, ಜಿಲ್ಲಾ ಒಂದ ಬದಲಿ ಮಾಡಿ ಕೈ ಬಿಟ್ರು ನೋಡ್ರಿ.'

ಚಿಗಪ್ಪ ಈ ಮಾತಿಗೆ ಸಿಟ್ಟಾಗುತ್ತಿರಲಿಲ್ಲ. ಅವನಿಗೆ ಜಿಲ್ಲೆ ಎಂದರೆ ವಿಳಾಸದ ಕೊನೆಯ ಸಾಲು. ಎಷ್ಟೋ ಜನ ಹಳೇ ಅಭ್ಯಾಸಕ್ಕೆ ಬಳ್ಳಾರಿ ಎಂದೇ ಬರೆಯುತ್ತಿದ್ದರು. ಅವನು ಕೆಂಪು ಶಾಯಿಯಲ್ಲಿ ಅದರ ಮೇಲೆ ತೆಳ್ಳಗೆ ಗೆರೆ ಎಳೆದು, ದಾವಣಗೆರೆ ಎಂದು ಬರೆದು, ನಡೆದುಕೊಂಡು ಹೋಗಿ ಕೊಟ್ಟು ಬರುತ್ತಿದ್ದ. ಅವನ ಅಣ್ಣನ ಕುರಿಗಳು ಮಾತ್ರ ಈ ಶಿಸ್ತಿಗೆ ಒಗ್ಗಲಿಲ್ಲ. ಹಡಗಲಿ ಕಡೆ ಹೋಗಿ ಬಳ್ಳಾರಿ ಜಿಲ್ಲೆಯಲ್ಲಿ ಮೇದು, ಸಂಜೆ ಮನೆಗೆ ಬಂದು ದಾವಣಗೆರೆ ಜಿಲ್ಲೆಯಲ್ಲಿ ಹಿಕ್ಕೆ ಹಾಕುತ್ತಿದ್ದವು. ಇದರಿಂದ ಯಾವ ಜಿಲ್ಲೆಗೆ ಲಾಭ ಎಂದು ಚಿಗಪ್ಪ ಗಂಭೀರವಾಗಿ ಯೋಚಿಸಿದ್ದನ್ನು ನಾನು ಕಂಡಿದ್ದೇನೆ.

ಏಳನೇ ತರಗತಿ ಮುಗಿದ ಮೇಲೆ ನನ್ನನ್ನು ತೆಲಿಗಿಗೆ ಕಳಿಸಿದರು. ಹುಲಿಗಿ ಒಬ್ಬಳೇ ಹೈಸ್ಕೂಲಿಗೆ ಹೋಗುವುದಿಲ್ಲ ಎಂದು ಹಟ ಹಿಡಿದಿದ್ದಳು. ಅವಳ ಜೊತೆಗೆಂದು ಹೋದವಳು ಪಿಯುಸಿ ಮುಗಿಯುವವರೆಗೆ ಅಲ್ಲೇ ಉಳಿದೆ. ಊರವರ ಬಾಯಲ್ಲಿ ನಾನು 'ಮಾಗಳದಾಕಿ'. ಇಬ್ಬರಿಗೂ ಒಂದೇ ಹಾಸಿಗೆ, ಒಂದೇ ಎಣ್ಣೆ ಬಟ್ಟಲು, ಒಂದೇ ಬಯ್ಗುಳ.

ಆ ಮನೆಯಲ್ಲಿ ಒಂದು ದಪ್ಪ ಪುಸ್ತಕವಿತ್ತು, ಕನ್ನಡದಲ್ಲಿ ಅಚ್ಚಾದ ಸಂವಿಧಾನ. ಹರಪನಹಳ್ಳಿಯ ಹಳೇ ಪುಸ್ತಕದ ಗಾಡಿಯಲ್ಲಿ ಚಿಗಪ್ಪನಿಗೆ ಸಿಕ್ಕಿದ್ದು. ಮೊದಲ ಹತ್ತು ಪುಟ ಇರಲಿಲ್ಲ. 'ಇರೋದನ್ನ ಪಾಲಿಸಿದ್ರ ಸಾಕು' ಅನ್ನುತ್ತಿದ್ದ. ಸಂಜೆ ಚೀಲ ಹೋದ ಮೇಲೆ ನಮ್ಮಿಬ್ಬರನ್ನು ಕೂರಿಸಿಕೊಂಡು ಒಂದೊಂದು ಕಲಮು ಓದಿಸುತ್ತಿದ್ದ. ಯಾವುದು ಕೇಂದ್ರ ಸರಕಾರದ ಕೆಲಸ, ಯಾವುದು ರಾಜ್ಯದ್ದು, ಯಾವುದು ಇಬ್ಬರಿಗೂ ಸೇರಿದ್ದು ಎಂಬ ಪಟ್ಟಿಗಳು ಬಂದಾಗ ನಾವು ತೂಕಡಿಸುತ್ತಿದ್ದೆವು. ಚಿಗವ್ವ ಅಂಗನವಾಡಿಯಲ್ಲಿ ಸಹಾಯಕಿ. ಒಲೆಯ ಮುಂದಿನಿಂದಲೇ, 'ಅಂಚಿ ಕೇಂದ್ರದ್ದು, ಅಡಿಗಿ ರಾಜ್ಯದ್ದು. ಎರಡೂ ಕೂಡಿ ಹಡದಿದ್ದು ಅಲ್ಲಿ ನಿದ್ದಿ ಮಾಡಾಕತ್ತೈತಿ, ಎಬ್ಬಸ್ರಿ' ಎನ್ನುತ್ತಿದ್ದಳು. ಸಮವರ್ತಿ ಪಟ್ಟಿ ಎಂದರೇನು ಎಂದು ನಾನು ಇವತ್ತಿಗೂ ತರಗತಿಯಲ್ಲಿ ವಿವರಿಸುವಾಗ ನಿದ್ದೆಗಣ್ಣಿನ ಹುಲಿಗಿ ನೆನಪಾಗುತ್ತಾಳೆ. ಇಷ್ಟೆಲ್ಲ ಓದಿಸಿದ್ದರಿಂದ ನಮಗೆ ಏನಾಯಿತು ಅಂತೀರಾ? ಇಬ್ಬರೂ ಸಮಾಜ ವಿಜ್ಞಾನದ ಟೀಚರುಗಳೇ ಆಗಬೇಕು ಎಂದು ತಲೆಗೆ ಹತ್ತಿತು.

ಡಿಗ್ರಿ, ಬಿ.ಎಡ್. ಮುಗಿಸುವ ಹೊತ್ತಿಗೆ ಸಂವಿಧಾನಕ್ಕೇ ಒಂದು ಹೊಸ ತುಂಡು ಸೇರಿತು. ಮುನ್ನೂರ ಎಪ್ಪತ್ತೊಂದು ಜೆ. ರಾಜ್ಯದ ಈಶಾನ್ಯ ಭಾಗದ ಹಿಂದುಳಿದ ಜಿಲ್ಲೆಗಳವರಿಗೆ ಓದಿನಲ್ಲಿ, ನೌಕರಿಯಲ್ಲಿ ಒಂದು ಪಾಲು. ಬಳ್ಳಾರಿ ಜಿಲ್ಲೆ ಅದರ ಒಳಗೆ, ದಾವಣಗೆರೆ ಹೊರಗೆ. ಹಾಗಾಗಿ ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಒಳಗೆ ಬಂದವು. ಮೊದಲಿಂದ ಅವುಗಳ ಜೊತೆಯಲ್ಲೇ ಇದ್ದ ಹರಪನಹಳ್ಳಿ ಹೊರಗೆ ನಿಂತಿತು. ನಾನು ಹಡಗಲಿಯ ತಾಲ್ಲೂಕು ಕಚೇರಿಗೆ ಹೋಗಿ ಸ್ಥಳೀಯಳು ಎಂಬ ಪ್ರಮಾಣಪತ್ರ ತಂದುಕೊಂಡೆ. ಹುಲಿಗಿ ಅದನ್ನು ಕೈಗೆ ತೆಗೆದುಕೊಂಡು ಎರಡೂ ಬದಿ ನೋಡಿ, 'ಹಿಂದ ಏನೂ ಬರದಿಲ್ಲಲ್ಲೇ' ಅಂದಳು. ಆಗ ಇಬ್ಬರೂ ನಕ್ಕಿದ್ದೆವು.

ಶಿಕ್ಷಕರ ಪರೀಕ್ಷೆ ಇಬ್ಬರೂ ಬರೆದೆವು. ಅವಳಿಗೆ ನನಗಿಂತ ಒಂಬತ್ತು ಅಂಕ ಹೆಚ್ಚು ಬಂತು. ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ, ಹೈಸ್ಕೂಲಿನಿಂದಲೂ ಅವಳು ನನಗಿಂತ ಒಂದು ಮೆಟ್ಟಿಲು ಮೇಲೆಯೇ. ನಾನು ಅರ್ಜಿಯಲ್ಲಿ ಪತ್ರ ಬರಬೇಕಾದ ವಿಳಾಸ ಎಂದು ತೆಲಿಗಿಯ ವಿಳಾಸವನ್ನೇ ಕೊಟ್ಟಿದ್ದೆ. ಮನೆಯಲ್ಲೇ ಅಂಚೆ ಇರುವಾಗ ಬೇರೆ ವಿಳಾಸ ಯಾಕೆ? ಈ ಜಾಣತನ ಎಂಥದ್ದು ಎಂದು ಗೊತ್ತಾದದ್ದು ಒಂದು ಬೆಳಿಗ್ಗೆ ಚೀಲ ಬಿಚ್ಚಿದಾಗ.

ನಾನು ಅವತ್ತು ತೆಲಿಗಿಯಲ್ಲೇ ಇದ್ದೆ. ಹುಲಿಗಿ ಎಂದಿನಂತೆ ಅಪ್ಪನ ಪಕ್ಕ ಕೂತು ಕಾಗದಗಳಿಗೆ ಮುದ್ರೆ ಹೊಡೆಯುತ್ತಿದ್ದಳು. ಶಿಕ್ಷಣ ಇಲಾಖೆಯ ಒಂದು ಉದ್ದನೆಯ ಲಕೋಟೆ ಕೈಗೆ ಬಂದಾಗ ಅವಳ ಮುದ್ರೆ ನಿಂತಿತು. ಹೆಸರು ಓದಿದಳು. ಚೀಲದೊಳಗೆ ಇನ್ನೊಂದು ಇದೆಯೇ ಎಂದು ಚೀಲವನ್ನು ತಲೆಕೆಳಗು ಮಾಡಿ ಒಮ್ಮೆ ಕೊಡವಿದಳು. ಒಂದು ಮದುವೆ ಕರೆಯೋಲೆ ಬಿತ್ತು, ಅಷ್ಟೇ. ಆಮೇಲೆ ಲಕೋಟೆಗೆ ನೆಟ್ಟಗೆ ಮುದ್ರೆ ಹೊಡೆದು ನನ್ನ ಕಡೆ ಚಾಚಿದಳು.

'ತೊಗೋ. ನಿನ್ನ ಕಲಮು ಬಂತು.'

ಒಳಗೆ ನನ್ನ ನೌಕರಿಯ ಆದೇಶವಿತ್ತು. ಚಿಗಪ್ಪ ನನ್ನಿಂದ ಸಹಿ ಹಾಕಿಸಿಕೊಂಡ. ಅವನ ಕಣ್ಣು ಸಹಿ ಪುಸ್ತಕ ಬಿಟ್ಟು ಮೇಲೆ ಬರಲಿಲ್ಲ. ಚಿಗವ್ವ ಒಳಗಿಂದ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ಅದನ್ನು ನುಂಗುವುದು ನನಗೆ ಬಹಳ ಕಷ್ಟವಾಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಆದರೆ ಸುಳ್ಳು. ಸಕ್ಕರೆ ಸಿಹಿಯಾಗಿಯೇ ಇತ್ತು.

ಆ ಮಧ್ಯಾಹ್ನ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಸಮಾಧಾನ ಹೇಳಲು ಹೋದೆ. ಸಮಾಜ ವಿಜ್ಞಾನ ಓದಿದವರ ಕೆಟ್ಟ ಚಾಳಿಯಿದು. 'ನಮ್ಮ ಕಡೆ ಭಾಳ ಹಿಂದುಳಿದೈತಿ, ಅದಕ್ಕ ಕೊಟ್ಟಾರ, ನೀ ಬ್ಯಾಸರ ಮಾಡ್ಕೋಬ್ಯಾಡ' ಅಂದೆ.

ಹುಲಿಗಿ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ನಿಧಾನಕ್ಕೆ ಕೇಳಿದಳು: 'ನಿಮ್ಮೂರ ಮುಂದ ಹೊಳಿ ಹರೀತೈತಿ. ನಮ್ಮೂರಾಗ ಬೋರ್ ಕೊರಸಿದ್ರ ಧೂಳ ಬರತೈತಿ. ಹಿಂದುಳಿದೋರು ಯಾರು, ನೀನ ಹೇಳು. ನಿಮ್ಮ ಮಾಗಳದಾಗ ಕುಂತು ಓದಿದ್ದೇನು ನೀನು? ಇದ ಮನ್ಯಾಗ, ಇದ ಚಿಮಣಿ ಬೆಳಕಿನಾಗ, ನನ್ನ ಬಾಜೂಕ ಕುಂತು ಓದಿದ್ದಿ.'

ಮರುದಿನ ನಾನು ಮಾಗಳದ ಬಸ್ಸು ಹತ್ತಿದೆ. ಹುಲಿಗಿ ಕಳಿಸಲು ಬರಲಿಲ್ಲ. ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಅವಳು ನನ್ನ ಜೊತೆ ಮಾತಾಡಲಿಲ್ಲ. ಫೋನ್ ಮಾಡಿದರೆ ಚಿಗವ್ವ ತೆಗೆದುಕೊಂಡು, 'ಆಕಿ ಹೊಲಕ್ಕ ಹೋಗ್ಯಾಳ' ಎನ್ನುತ್ತಿದ್ದಳು. ಹೊಲಕ್ಕೆ ಹೋದವಳು ಕೆಮ್ಮುವುದು ನನಗೆ ಹಿಂದಿನಿಂದ ಕೇಳಿಸುತ್ತಿತ್ತು.

ಅಷ್ಟರಲ್ಲಿ ಹರಪನಹಳ್ಳಿಯಲ್ಲಿ ಹೋರಾಟ ಕಾವೇರಿತು. ನಮ್ಮನ್ನೂ ಆ ಕಲಮಿನೊಳಗೆ ಸೇರಿಸಿ ಎಂದು ಜನ ಪೆಂಡಾಲು ಹಾಕಿ ಕೂತರು. ಚಿಗಪ್ಪನಿಗೆ ಹೋಗಿ ಕೂರುವ ಆಸೆ. ಆದರೆ ಅಂಚೆಯವನು ಧರಣಿ ಕೂರುವಂತಿಲ್ಲ. ಅವನು ಅದಕ್ಕೊಂದು ದಾರಿ ಹುಡುಕಿಕೊಂಡ. ಚೀಲದ ಕೆಲಸಕ್ಕೆಂದು ಹರಪನಹಳ್ಳಿಗೆ ಹೋದಾಗ ಪೆಂಡಾಲಿನ ಎದುರು, ರಸ್ತೆಯ ಈಚೆಗಿನ ಚಹಾದಂಗಡಿಯಲ್ಲಿ ನಿಂತು ಭಾಷಣ ಮುಗಿಯುವವರೆಗೂ ಒಂದೇ ಕಪ್ ಚಹಾ ಕುಡಿಯುತ್ತಿದ್ದ. ಯಾರಾದರೂ ಕೇಳಿದರೆ, 'ನಾ ಚಾ ಕುಡ್ಯಾಕ ಬಂದೀನ್ರಿ. ಚಾ ಭಾಳ ಬಿಸಿ ಐತಿ' ಅನ್ನುತ್ತಿದ್ದನಂತೆ.

ರಸ್ತೆಯ ಈಚೆ ನಿಂತು ನಿಂತು ಅವನಿಗೆ ಇನ್ನೊಂದು ಹೊಳೆಯಿತು. ಅಂಚೆಯವನು ಧರಣಿ ಕೂರಬಾರದು, ಸರಿ. ಕಾರ್ಡು ಮಾರಬಾರದು ಎಂದು ಯಾವ ನಿಯಮದಲ್ಲಿದೆ? ತೆಲಿಗಿಯ ಮನೆಮನೆಯವರೂ ಬೆಂಗಳೂರಿಗೆ ಒಂದು, ದೆಹಲಿಗೆ ಒಂದು ಕಾರ್ಡು ಬರೆಯುವುದು ಎಂದು ಊರಿನ ಹಿರಿಯರು ತೀರ್ಮಾನಿಸಿದರು. ಹಾಗೆ ತೀರ್ಮಾನಿಸಬೇಕೆಂದು ಅವರಿಗೆ ಹೇಳಿಕೊಟ್ಟವರು ಯಾರು ಎಂದು ನಾನು ಬಾಯಿ ಬಿಡುವುದಿಲ್ಲ. ನನಗೆ ಚಿಗಪ್ಪನಿಂದ ಒಂದು ಕಾರ್ಡು ಬಂತು. 'ಬರೆಯುವ ಕೈ ಸಾಲದು. ಭಾನುವಾರ ಬಾ' ಎಂದಿಷ್ಟೇ ಇತ್ತು.

ನಾನು ತಕ್ಷಣ ಹೊರಟೆ ಅಂದುಕೊಂಡಿರಾದರೆ ನೀವು ನನ್ನನ್ನು ಇನ್ನೂ ಸರಿಯಾಗಿ ತಿಳಿದುಕೊಂಡಿಲ್ಲ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಯಾರಾದರೂ ನೋಡಿದರೆ ಎಂಬ ಅಂಜಿಕೆ. ಅದಕ್ಕಿಂತ ದೊಡ್ಡದು ಮನೆಯಲ್ಲೇ ಇತ್ತು. ನನ್ನ ತಮ್ಮ ಆಗ ಅದೇ ಪರೀಕ್ಷೆಗೆ ಓದುತ್ತಿದ್ದ. ಹರಪನಹಳ್ಳಿಯವರು ಒಳಗೆ ಬಂದರೆ ಇರುವ ಪಾಲಿಗೆ ಇನ್ನಷ್ಟು ಕೈ ಸೇರುತ್ತವೆ ಎಂದು ಹಡಗಲಿ ಕಡೆ ಜನ ಗೊಣಗುತ್ತಿದ್ದರು.

ಅವ್ವ ನೇರವಾಗಿಯೇ ಕೇಳಿದಳು: 'ನಿನ್ನ ತಮ್ಮನ ಪಾಲು ಕಡಿಮಿ ಮಾಡು ಅಂತ ಬರದುಕೊಡಾಕ ಹೊಂಟಿಯೇನು?'

'ಅಲ್ಲಿರಾಕಿ ನಿನ್ನ ತಂಗಿ ಅಲ್ಲೇನಬೇ?' ಅಂದೆ.

'ತಂಗಿ ಹೌದು. ಇಂವ ಮಗ ಅದಾನ.'

ಅವ್ವ ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಶನಿವಾರವೆಲ್ಲ ಆ ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಭಾನುವಾರ ಬೆಳಿಗ್ಗೆ ಹೊರಟಾಗ ಅವ್ವ ಚಿಗವ್ವನಿಗೆಂದು, ರೊಟ್ಟಿಗೆ ಹಚ್ಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ ಕೈಗೆ ಕೊಟ್ಟಳು.

ತೆಲಿಗಿಯ ಪಡಸಾಲೆಯಲ್ಲಿ ಜನ ಸಾಲಾಗಿ ಕೂತಿದ್ದರು. ಈ ತುದಿಯಲ್ಲಿ ಹುಲಿಗಿ ಬರೆಯುತ್ತಿದ್ದಳು, ಆ ತುದಿಯಲ್ಲಿ ನನ್ನನ್ನು ಕೂರಿಸಿದರು. ಅವಳು ತಲೆ ಎತ್ತಲಿಲ್ಲ. ಎಲ್ಲರದ್ದೂ ಒಂದೇ ಒಕ್ಕಣೆ ಇರಬಾರದು, ಅವರವರ ಮಾತಿನಲ್ಲೇ ಇರಬೇಕು ಎಂಬುದು ಚಿಗಪ್ಪನ ಕಟ್ಟಪ್ಪಣೆ. ಇದರಿಂದ ದೇಶದ ಆಡಳಿತಕ್ಕೆ ಎಷ್ಟು ತೊಂದರೆಯಾಯಿತೋ ಗೊತ್ತಿಲ್ಲ. ಅವನ ಕುರಿಗಾರ ಅಣ್ಣ ಮುನ್ನೂರ ಎಪ್ಪತ್ತೊಂದರ ವಿಷಯ ಒಂದು ಸಾಲು ಬರೆಸಿ, ಉಳಿದದ್ದರಲ್ಲಿ ಕುರಿಗಳ ಕಾಲುಬೇನೆಯ ಬಗ್ಗೆ ದೆಹಲಿಗೆ ವಿವರವಾಗಿ ತಿಳಿಸಿದ. ಚಿಗವ್ವ ತನ್ನ ಕಾರ್ಡಿನಲ್ಲಿ, 'ನಮ್ಮಪ್ಪ ನಮ್ಮಕ್ಕನ್ನ ಕಲಮಿಗೆ ಕೊಟ್ಟ, ನನ್ನ ಅಂಚಿ ಡಬ್ಬಿಗೆ ಕೊಟ್ಟ. ನಾ ಮಾಡಿದ ತಪ್ಪೇನು ತಿಳಿಸಬೇಕು' ಎಂದು ಬರೆಸಿದಳು.

ಹಿಟ್ಟಿನ ಗಿರಣಿಯ ಬಸಣ್ಣನ ಸರದಿ ಬಂತು. ಅವನು ಸಿಟ್ಟಿನ ಮನುಷ್ಯ. 'ಕೊಡದಿದ್ರ ನಾವು ನಿಮ್ಮ ರಾಜ್ಯದಾಗೂ ಇರಂಗಿಲ್ಲ, ನಿಮ್ಮ ದೇಶದಾಗೂ ಇರಂಗಿಲ್ಲ ಅಂತ ಬರಿಯವಾ' ಎಂದ. ನಾನು ಪೆನ್ನು ಹಿಡಿದು ಚಿಗಪ್ಪನ ಮುಖ ನೋಡಿದೆ.

ಚಿಗಪ್ಪ ಮುದ್ರೆ ಕೆಳಗಿಟ್ಟ. 'ಬಸಣ್ಣ, ಹೋಗೋರು ಯಾರಾದ್ರೂ ಕಾರ್ಡು ಬರೀತಾರೇನೋ? ಮನಿ ಬಿಟ್ಟು ಹೋಗಾಂವ ಚಪ್ಪಲಿ ಹಾಕ್ಕೊಂಡು ಹೊಂಟುಬಿಡತಾನ. ನನಗ ರೊಟ್ಟಿ ಯಾಕ ಕಡಿಮಿ ಬಡಿಸಿದ್ರಿ ಅಂತ ಕೇಳಾಂವ ಊಟಕ್ಕ ಕುಂತಾಂವ. ನಾವು ಕುಂತೋರು. ಕುಂತೋರಂಗ ಬರಸು.'

ಬಸಣ್ಣ ತೋಳಿನ ಮೇಲಿನ ಹಿಟ್ಟು ಕೊಡವಿಕೊಂಡ. ಆಮೇಲೆ, 'ಹಂಗಾರ ಇರಂಗಿಲ್ಲ ಅನ್ನೋದ ಬಿಡು, ನಿಮ್ಮ ದೇಶ ಅನ್ನೋದನ್ನ ತಗದು ನಮ್ಮ ದೇಶದಾಗ ನಮಗ ಯಾಕ ಕಡಿಮಿ ಅಂತ ಮಾಡು. ಸಿಟ್ಟು ಮಾತ್ರ ಇರಲಿ' ಎಂದ. ಹಾಗೇ ಬರೆದೆ. ದೇಶದ ಏಕತೆಯ ಬಗ್ಗೆ ನಾನು ಆಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ, ಸರಕಾರಿ ಸಮಾರಂಭಗಳಲ್ಲಿ ನಾನೇ ನಾಲ್ಕಾರು ಮಾಡಿದ್ದೇನೆ. ಗಿರಣಿಯ ಬಸಣ್ಣ ಒಂದು ಅಕ್ಷರ ಬದಲಿಸಿ ಮಾಡಿದಷ್ಟು ಕೆಲಸ ಅವು ಯಾವುವೂ ಮಾಡಿರಲಾರವು.

ಬರೆದ ಕಾರ್ಡುಗಳನ್ನು ಚಿಗಪ್ಪ ಹುಲಿಗಿಯ ಮುಂದಿಟ್ಟ, ತಪ್ಪು ನೋಡಲೆಂದು. ಅವಳು ನನ್ನವನ್ನು ಒಂದೊಂದೇ ತಿರುವಿದಳು. ಒಂದರ ಮೇಲೆ ಬೆರಳಿಟ್ಟು, ಯಾರ ಕಡೆಯೂ ನೋಡದೆ, 'ಅನುಚ್ಛೇದಕ್ಕ ಛ ಒತ್ತಕ್ಷರ ಬೇಕು. ಸರಕಾರಿ ಟೀಚರಂತ, ಚ ಕೊಟ್ಟಾಳ' ಎಂದಳು.

ಹದಿನಾಲ್ಕು ತಿಂಗಳಿಗೆ ಅವಳು ಆಡಿದ ಮೊದಲ ಮಾತು ಅದು. ನಾನು ಎದ್ದು ಹೋಗಿ ಅವಳ ಪಕ್ಕ ಕೂತು ತಿದ್ದತೊಡಗಿದೆ. ಬೇಕೆಂದೇ ಇನ್ನೂ ಎರಡು ಕಡೆ ತಪ್ಪು ಮಾಡಿದೆ. ಅವಳು ಮೊಣಕೈಯಿಂದ ತಿವಿದಳು.

ಆ ಕಾರ್ಡುಗಳಿಂದಲೇ ಎಲ್ಲ ಆಯಿತು ಎಂದು ಚಿಗಪ್ಪ ನಂಬಿದ್ದಾನೆ. ಪೆಂಡಾಲಿನಲ್ಲಿ ಕೂತವರು ಬೇರೆ ಹೇಳಬಹುದು. ಅಂತೂ ಕೆಲವು ವರ್ಷಗಳಲ್ಲಿ ಹರಪನಹಳ್ಳಿ ಮತ್ತೆ ಬಳ್ಳಾರಿಗೆ ಸೇರಿತು, ಕಲಮಿನ ಒಳಗೂ ಬಂತು. ಅದಾಗಿ ಸ್ವಲ್ಪ ಕಾಲಕ್ಕೆ ನಮ್ಮ ತಾಲ್ಲೂಕುಗಳೆಲ್ಲ ಸೇರಿ ವಿಜಯನಗರ ಜಿಲ್ಲೆಯಾದವು. ಚಿಗಪ್ಪ ನಿವೃತ್ತನಾಗುವ ಮುಂಚೆ ಒಂದೇ ಲಕೋಟೆಯ ಮೇಲೆ ಎರಡು ಜಿಲ್ಲೆಗಳನ್ನು ಹೊಡೆದುಹಾಕಿ ಮೂರನೆಯದನ್ನು ಬರೆಯುವ ಭಾಗ್ಯ ಪಡೆದ. ನಮ್ಮ ತಮ್ಮನಿಗೆ ಏನಾಯಿತು ಅಂತ ಕೇಳಬೇಡಿ. ಅವನು ಓದುವುದನ್ನೇ ಬಿಟ್ಟು ಕೂಡ್ಲಿಗಿಯಲ್ಲಿ ಮೊಬೈಲ್ ಅಂಗಡಿ ಇಟ್ಟು, ನಮ್ಮೆಲ್ಲರಿಗಿಂತ ಸುಖವಾಗಿದ್ದಾನೆ.

ಹುಲಿಗಿ ತನ್ನ ಪ್ರಮಾಣಪತ್ರ ತಂದಳು, ಮತ್ತೆ ಪರೀಕ್ಷೆ ಬರೆದಳು, ಸ್ಥಳೀಯರ ಪಟ್ಟಿಯಲ್ಲಿ ಆಯ್ಕೆಯಾದಳು. ಕೊಟ್ಟೂರಿನ ಹತ್ತಿರದ ಒಂದು ಶಾಲೆ ಸಿಕ್ಕಿತು. ನಾನು ಪೇಡೆ ತೆಗೆದುಕೊಂಡು ಹೋಗಬೇಕು ಎಂದುಕೊಳ್ಳುತ್ತಿರುವಾಗ ಅವಳೇ ಹಗರಿಬೊಮ್ಮನಹಳ್ಳಿಯ ನನ್ನ ಮನೆಗೆ ಬಂದಳು. ಅಡುಗೆಮನೆಯಲ್ಲಿ ಕೂತು, ಕೇಳದೆಯೇ ನನ್ನ ಅವರೆಕಾಯಿ ಸುಲಿಯತೊಡಗಿದಳು. ಅರ್ಧ ಬುಟ್ಟಿ ಆದ ಮೇಲೆ ಹೇಳಿದಳು. ಪರೀಕ್ಷೆಗೆ ಅವಳ ಜೊತೆ ಓದಿದ ಸಾವಿತ್ರಿ ಎಂಬ ಹುಡುಗಿ, ಹರಪನಹಳ್ಳಿಯ ಗೆರೆ ದಾಟಿದ ಕೂಡಲೇ ಸಿಗುವ, ದಾವಣಗೆರೆ ಜಿಲ್ಲೆಯ ಹರಿಹರ ತಾಲ್ಲೂಕಿನ ಹಳ್ಳಿಯವಳು. ಕೂಲಿ ಮಾಡಿ ಓದಿಸಿದ ಮನೆ. ಹುಲಿಗಿಗಿಂತ ನಾಲ್ಕು ಅಂಕ ಹೆಚ್ಚು. ಅವಳ ಹೆಸರು ಯಾವ ಪಟ್ಟಿಯಲ್ಲೂ ಬಂದಿರಲಿಲ್ಲ.

'ಅಕ್ಕಾ,' ಎಂದಳು. ನಾನು ಅವಳಿಗಿಂತ ನಾಲ್ಕೇ ತಿಂಗಳು ದೊಡ್ಡವಳು. ಅವಳು ಹಾಗೆ ಕರೆದದ್ದು ಅದೇ ಮೊದಲು. 'ಅವತ್ತು ನಿನಗ ಹೆಂಗಾಗಿತ್ತು?'

ಈ ಸಲ ಸಮಾಜ ವಿಜ್ಞಾನ ಹೇಳಲು ಹೋಗಲಿಲ್ಲ. 'ಖುಷಿ ಆಗಿತ್ತು' ಅಂದೆ. 'ಖುಷಿ ಆತಲ್ಲ ಅಂತ ಸಂಕಟ ಆಗಿತ್ತು.'

ಅವಳು ತಲೆಯಾಡಿಸಿದಳು. ಮರುದಿನ ತೆಲಿಗಿಗೆ ಹೋಗಿ ಅಪ್ಪನ ಮುಂದೆಯೂ ಇದನ್ನೇ ಇಟ್ಟಳಂತೆ. ಪುಸ್ತಕದಲ್ಲಿ ಇದಕ್ಕೆ ಉತ್ತರ ಎಲ್ಲಿದೆ ಎಂದು ಕೇಳಿದಳಂತೆ. ಚಿಗಪ್ಪ ಬಹಳ ಹೊತ್ತು ಹುಡುಕಿ, ಕನ್ನಡಕ ತೆಗೆದಿಟ್ಟು, 'ಗೆರಿ ಹಾಕಲಾರದ ಯಾರಿಗೂ ಕೊಡಾಕ ಆಗಂಗಿಲ್ಲವ್ವ. ಗೆರಿ ಹಾಕಿದಮ್ಯಾಲ ಆಚಿಗೆ ಒಬ್ಬರು ಇದ್ದ ಇರತಾರ. ಆ ಹುಡುಗಿ ಹೆಸರು ನಿನಗ ಗೊತ್ತೈತಲ್ಲ, ಅಲ್ಲಿಂದ ಶುರು ಮಾಡು' ಎಂದನಂತೆ.

ಅವಳು ಶುರು ಮಾಡಿದಳು. ಈಗ ಎರಡು ವರ್ಷದಿಂದ ಭಾನುವಾರಗಳಂದು ಸಾವಿತ್ರಿ ಹರಿಹರದ ಕಡೆಯಿಂದ ರೈಲು ಹತ್ತಿ ಕೊಟ್ಟೂರಿಗೆ ಬರುತ್ತಾಳೆ, ಹುಲಿಗಿಯ ಬಾಡಿಗೆ ಕೋಣೆಯಲ್ಲಿ ಓದುತ್ತಾಳೆ. ಈ ಸುದ್ದಿ ನನಗೆ ಗೊತ್ತಿತ್ತು. ಆದರೆ ಒಮ್ಮೆಯೂ ಹೋಗಿರಲಿಲ್ಲ. ಕೆಲಸ, ಮನೆ ಎಂದು ನೆಪ ಹೇಳುತ್ತಿದ್ದೆ. ಆ ಹುಡುಗಿಯ ಎದುರು ಕೂರಲು ಅಂಜಿಕೆ ಎಂಬುದೇ ನಿಜ. ಮೊನ್ನೆ ಪರೀಕ್ಷೆಯ ಬಂಡಲುಗಳು ಹೋದ ಮೇಲಿನ ಭಾನುವಾರ ಮಾತ್ರ ಕೊಟ್ಟೂರಿನ ಬಸ್ಸು ಹತ್ತಿದೆ.

ಸಾವಿತ್ರಿ ಸಣ್ಣ ಮೈಕಟ್ಟಿನ, ಚುರುಕು ಕಣ್ಣಿನ ಹುಡುಗಿ. ಹುಲಿಗಿ ನನ್ನನ್ನು, 'ಇವರು ಒಕ್ಕೂಟ ವ್ಯವಸ್ಥಾ ಭಾಳ ಚಲೋ ಹೇಳತಾರ' ಎಂದು ಪರಿಚಯಿಸಿ ಮೂಲೆಗೆ ಸರಿದಳು. ನಾನು ಗಂಟಲು ಸರಿಮಾಡಿಕೊಂಡು, ಕೇಂದ್ರ, ರಾಜ್ಯ, ವಿಶೇಷ ಸ್ಥಾನಮಾನ ಎಂದು ಶುರುಮಾಡಿದೆ. ಎರಡು ಸಾಲು ಆಗಿರಬೇಕು.

'ಟೀಚರ್,' ಎಂದಳು ಸಾವಿತ್ರಿ, ಬಹಳ ವಿನಯದಿಂದ. 'ಈ ಪಾಠ ಕೇಳಾಕ ಸ್ಥಳೀಯರು ಅಂತ ಸರ್ಟಿಫಿಕೇಟ್ ಏನಾದ್ರೂ ತರಬೇಕೇನ್ರಿ?'

ಹುಲಿಗಿ ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡಳು. ನನಗೆ ನಗು ಬರಲು ಸ್ವಲ್ಪ ಹೊತ್ತು ಹಿಡಿಯಿತು. ಬಂದ ಮೇಲೆ ನಿಲ್ಲಲು ಇನ್ನೂ ಹೆಚ್ಚು ಹೊತ್ತು ಹಿಡಿಯಿತು. ಹನ್ನೊಂದು ವರ್ಷದಿಂದ ಆ ಪಾಠವನ್ನು ಒಂದೇ ರೀತಿ ಹೇಳುತ್ತ ಬಂದಿದ್ದೇನೆ. ನೋಟ್ಸು ಮುಚ್ಚಿ ಪಕ್ಕಕ್ಕಿಟ್ಟೆ.

'ಬ್ಯಾಡ,' ಅಂದೆ. 'ನಿಮ್ಮೂರಿಂದ ನೋಡಿದ್ರ ಈ ಒಕ್ಕೂಟ ಹೆಂಗ ಕಾಣತೈತಿ, ಅದನ್ನ ಮೊದಲ ನೀ ಹೇಳು.'

ಅವಳು ಒಮ್ಮೆ ಹುಲಿಗಿಯ ಮುಖ ನೋಡಿದಳು. ಆಮೇಲೆ ಕಾಲು ಮಡಚಿ ಸರಿಯಾಗಿ ಕೂತು, ಹೇಳತೊಡಗಿದಳು. ಹುಲಿಗಿ ಚಹಾಕ್ಕಿಡಲು ಎದ್ದಳು. ನಾನು ಬರೆದುಕೊಳ್ಳತೊಡಗಿದೆ.